ಗಂಡನ ಹೆಸರೂ ಹಟ್ಟಿಯ ಓಟೂ

ಹೋದ ವಾರ ಗ್ಯಾಸ್ ಏಜೆನ್ಸಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆಯೇ, "ಯಜಮಾನ್ರ ಹೆಸರು ಹೇಳಿ ಆಂಟಿ" ಅಂದಳು. ನಾನು ಜೀವಮಾನವೆಲ್ಲ ಶಾಲೆಯಲ್ಲಿ ಹಾಜರಿ ಕೂಗಿದವಳು. ಎಂಥೆಂಥ ಉದ್ದುದ್ದ ಹೆಸರುಗಳನ್ನು ಉಸಿರು ಬಿಡದೆ ಕೂಗಿದ್ದೇನೆ. ಅಂಥವಳ ಬಾಯಿಗೆ ಅವತ್ತು ಬೀಗ ಬಿತ್ತು. ಸುಮ್ಮನೆ ಗ್ಯಾಸಿನ ಪುಸ್ತಕವನ್ನು ಮುಂದಕ್ಕೆ ತಳ್ಳಿ, "ಇದ್ರಲ್ಲಿದೆ ನೋಡಮ್ಮ" ಅಂದೆ. "ಬಾಯಲ್ಲಿ ಹೇಳಿದ್ರೆ ಬೇಗ ಆಗುತ್ತೆ ಆಂಟಿ" ಅಂತ ಅವಳು. ಕೊನೆಗೆ ನನ್ನ ಹಿಂದೆ ನಿಂತಿದ್ದ, ಗುರುತು ಪರಿಚಯ ಇಲ್ಲದ ಗೃಹಸ್ಥರೊಬ್ಬರು ಬಗ್ಗಿ ನೋಡಿ, ನನ್ನ ಗಂಡನ ಹೆಸರನ್ನು ಇಡೀ ಅಂಗಡಿಗೆ ಕೇಳುವಂತೆ ಓದಿ ಹೇಳಿದರು. ನಾನು ಹೊಸ ಮದುಮಗಳ ಹಾಗೆ ನೆಲ ನೋಡುತ್ತ ನಿಂತಿದ್ದೆ.

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು. "ನಿನ್ನ ಫೋನಲ್ಲಿ ನನ್ನ ಹೆಸರು ಏನಂತ ಹಾಕ್ಕೊಂಡಿದ್ದೀಯ, ಅದನ್ನಾದ್ರೂ ತೋರಿಸು" ಅಂದರು. ನಾನು ತೋರಿಸಲಿಲ್ಲ. ತೋರಿಸುವುದಕ್ಕೇನಿದೆ, ಅದರಲ್ಲಿ 'ಮನೆ' ಅಂತ ಇದೆ.

ನೀವು ನಗಬೇಡಿ. ಇದು ನನ್ನೊಬ್ಬಳ ಕಾಯಿಲೆಯಲ್ಲ. ನಾನು ಬೆಳೆದದ್ದು ಈರಮ್ಮ ದೊಡ್ಡಮ್ಮನ ಕೈಯಲ್ಲಿ. ಅಪ್ಪ ಮಧುಗಿರಿಯಲ್ಲಿ ಬಸ್ ಕಂಡಕ್ಟರು. ಅವನ ಅಣ್ಣ, ನಮ್ಮ ದೊಡ್ಡಪ್ಪ, ಸಿರಾ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಇರುವ ನಮ್ಮ ಹಟ್ಟಿಯಲ್ಲೇ ಕುರಿ ಕಾಯ್ದುಕೊಂಡು ಉಳಿದವನು. ರಜೆ ಬಂತು ಅಂದರೆ ನಾನು ಹಟ್ಟಿಯಲ್ಲಿ. ರಜೆ ಮುಗಿದರೂ ಹಟ್ಟಿಯಲ್ಲೇ ಇರುತ್ತಿದ್ದೆ, ಅಪ್ಪ ಬಂದು ಕಿವಿ ಹಿಂಡಿ ಎಳೆದುಕೊಂಡು ಹೋಗುವವರೆಗೆ.

ದೊಡ್ಡಪ್ಪನ ಹೆಸರು ಕರಿಯಣ್ಣ. ಈಗ ಆರಾಮಾಗಿ ಬರೆದೆ, ಯಾಕೆಂದರೆ ಅವನು ನನ್ನ ಗಂಡನಲ್ಲ. ದೊಡ್ಡಮ್ಮ ಮಾತ್ರ ಆ ಹೆಸರನ್ನು ಹೇಳುವುದಿರಲಿ, 'ಕರಿ' ಅನ್ನುವ ಶಬ್ದವನ್ನೂ ಬಾಯಿಗೆ ತಂದವಳಲ್ಲ. ಕುರಿ ಸಾಕುವ ಮನೆಯಲ್ಲಿ ಇದು ಎಂಥ ಫಜೀತಿ ಅಂತ ಯೋಚನೆ ಮಾಡಿ. ಮಂದೆಯಲ್ಲಿ ಅರ್ಧಕ್ಕರ್ಧ ಕರಿ ಕುರಿಗಳೇ. ದೊಡ್ಡಮ್ಮ ಅವನ್ನು 'ಮಸಿ ಕುರಿ' ಅನ್ನುತ್ತಿದ್ದಳು. ಕರಿಬೇವಿಗೆ 'ಒಗ್ಗರಣೆ ಸೊಪ್ಪು'. ಕರಿ ಕಂಬಳಿಗೆ ಬರೀ 'ಹೊದೆಯೋದು'. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಒಂದೊಂದು ಹಿಡಿ ಕಮ್ಮಿಯಾಗುತ್ತದೆ ಅಂತ ಅವಳ ಅವ್ವ ಹೇಳಿದ್ದಳಂತೆ. ದೊಡ್ಡಪ್ಪ ಎಂಬತ್ತು ದಾಟಿ ಬದುಕಿದ. ಅದರಲ್ಲಿ ದೊಡ್ಡಮ್ಮನ ಪಾಲು ಎಷ್ಟು, ರಾಗಿ ಮುದ್ದೆಯ ಪಾಲು ಎಷ್ಟು, ಲೆಕ್ಕ ಹಾಕಿದವರಿಲ್ಲ.

ಹಟ್ಟಿಯ ಹೆಂಗಸರೆಲ್ಲ ಹೀಗೇ. ಸಿರಾದಿಂದ ಬಳೆ ಮಲಾರ ಹೊತ್ತು ಬರುತ್ತಿದ್ದ ಬೀಬಮ್ಮನೂ ಇದಕ್ಕೆ ಹೊರತಲ್ಲ. ಅವಳು ಗಂಡನನ್ನು 'ಮುನ್ನಾ ಕೆ ಅಬ್ಬಾ' ಅನ್ನುತ್ತಿದ್ದಳು. ಮುನ್ನಾ ಹುಟ್ಟುವ ಮೊದಲು ಏನನ್ನುತ್ತಿದ್ದೆ ಅಂತ ನಾನು ಕೇಳಿದ್ದಕ್ಕೆ, "ಅಜೀ ಅಂತಿದ್ದೆ ಬೇಟಿ, ಅವ್ರು ತಿರುಗಿ ನೋಡ್ತಿದ್ರು, ಸಾಕಲ್ಲ" ಅಂದಿದ್ದಳು. ಪಾವಗಡದಿಂದ ಸೊಸೆಯಾಗಿ ಬಂದ ಲಕ್ಷ್ಮಕ್ಕನದು ತೆಲುಗಿನ 'ಮಾ ಆಯನ', ಅಂದರೆ 'ನಮ್ಮವರು'. ಭಾಷೆ ಯಾವುದಾದರೇನು, ಗಂಡಂದಿರೆಲ್ಲ ಹೆಸರಿಲ್ಲದವರು.

ಈಗ ಓಟಿನ ವಿಚಾರಕ್ಕೆ ಬರೋಣ. ಎಪ್ಪತ್ತರ ದಶಕದ ಒಂದು ಎಲೆಕ್ಷನ್ನು. ನನಗೆ ಓಟಿನ ವಯಸ್ಸಾಗಿರಲಿಲ್ಲ, ಆದರೆ ದೊಡ್ಡಮ್ಮನ ಸೆರಗು ಹಿಡಿದು ಹೋಗುವ ವಯಸ್ಸೂ ಮುಗಿದಿರಲಿಲ್ಲ. ಬೂತು ಇದ್ದದ್ದು ಹಟ್ಟಿಯಿಂದ ಒಂದು ಹರದಾರಿ ದೂರದ ದೊಡ್ಡೂರಿನ ಶಾಲೆಯಲ್ಲಿ. ನಮ್ಮ ಹಟ್ಟಿಯಲ್ಲಿ ಕಲ್ಲೆಸೆದರೆ ಅದು ಬೀಳುವುದು ಒಬ್ಬ ಈರಮ್ಮನ ಮೇಲೆಯೇ, ಅಷ್ಟು ಜನ ಈರಮ್ಮಗಳು. ಎಲ್ಲರಿಗೂ ಒಂದೇ ದೇವರ ಹೆಸರು. ಹಾಗಾಗಿ ಓಟಿನ ಪಟ್ಟಿಯಲ್ಲಿ ಇವಳು ಯಾವ ಈರಮ್ಮ ಅಂತ ಗೊತ್ತಾಗಬೇಕಾದರೆ ಗಂಡನ ಹೆಸರು ಬೇಕೇ ಬೇಕು. ಆಫೀಸರು ಕೇಳಿದ, "ಗಂಡನ ಹೆಸರೇನಮ್ಮ?" ದೊಡ್ಡಮ್ಮ ಸೆರಗಿನ ಚುಂಗು ಕಚ್ಚಿ ನಿಂತಳು. ಪಾಪ, ಆಫೀಸರು ತಾನೇ ಪಟ್ಟಿ ನೋಡಿ ಓದಲು ಹೋದ. ಆಗ ಎದ್ದು ನಿಂತವನು ಪಾರ್ಟಿಯೊಂದರ ಬೂತ್ ಏಜೆಂಟ್ ಪುಟ್ಟಸ್ವಾಮಿ.

ಈ ಪುಟ್ಟಸ್ವಾಮಿ ದೊಡ್ಡೂರಿನವನು. ಸುತ್ತ ನಾಲ್ಕು ಹಳ್ಳಿಗೆ ಇದ್ದ ಒಂದೇ ಬೋರಿಂಗು, ಅಂದರೆ ಕೈಯಲ್ಲಿ ಜಗ್ಗುವ ಪಂಪು, ಇವನ ಮನೆ ಮುಂದೆ. ಹಟ್ಟಿಯ ಹೆಂಗಸರು ಬಿಂದಿಗೆ ಹೊತ್ತು ಹೋದರೆ, ಅವನ ಮನೆಯವರ ನೀರೆಲ್ಲ ಆಗಿ, ದನಗಳದ್ದಾಗಿ, ಅವನ ಹೊಟ್ಟೆ ತಣ್ಣಗಾದ ಮೇಲೆ ಇವರ ಸರದಿ. ಹಟ್ಟಿಗೆ ಅವರದೇ ಒಂದು ಬೋರಿಂಗು ಬಂದರೆ ಪುಟ್ಟಸ್ವಾಮಿಯನ್ನು ಮೂಸಿ ನೋಡುವವರು ಯಾರು? ಬೋರಿಂಗು ಬರಬೇಕಾದರೆ ಓಟು ಬೀಳಬೇಕು. ಓಟು ಬೀಳದ ಹಾಗೆ ಮಾಡಲು ಅವನಿಗೆ ದೊಣ್ಣೆ ಬೇಕಿರಲಿಲ್ಲ, ಒಂದು ಪ್ರಶ್ನೆ ಸಾಕಾಗಿತ್ತು.

"ನೀವು ಹೇಳ್ಕೊಡಂಗಿಲ್ಲ ಸ್ವಾಮಿ," ಅಂದ ಪುಟ್ಟಸ್ವಾಮಿ. "ಅವ್ಳೇ ಬಾಯ್ಬುಟ್ಟು ಹೇಳ್ಲಿ. ಇಲ್ದಿದ್ರೆ ಈ ಈರಮ್ಮ ಆ ಈರಮ್ಮನ ಓಟು ಹಾಕ್ಬುಟ್ಟು ಹೋಯ್ತಾಳೆ. ನನ್ನ ತಕರಾರೈತೆ."

ಹಿಂದಿನಿಂದ ನಾನು, "ಕರಿಯಣ್ಣ ಅಂತ, ನಮ್ಮ ದೊಡ್ಡಪ್ಪ" ಅಂದೆ. "ನಿನ್ನ ಯಾರೂ ಕೇಳ್ಲಿಲ್ಲ, ಓಗಮ್ಮಿ" ಅಂತ ಗದರಿದ. ಆಫೀಸರಿಗೂ ತಲೆಬಿಸಿ ಬೇಡವಾಗಿತ್ತು. "ಪಕ್ಕಕ್ಕೆ ನಿಂತ್ಕೊಳ್ಳಮ್ಮ, ಯೋಚನೆ ಮಾಡಿ ಹೇಳು" ಅಂದ. ಗಂಡನ ಹೆಸರನ್ನು ಯೋಚನೆ ಮಾಡಿ ಹೇಳುವುದಂತೆ. ಪಕ್ಕಕ್ಕೆ ನಿಂತ ದೊಡ್ಡಮ್ಮನ ಹಿಂದೆ ಹಟ್ಟಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಪಕ್ಕಕ್ಕೆ ನಿಂತರು. ಗಂಡಸರು ಓಟು ಹಾಕಿ, ಬೆರಳು ತೋರಿಸಿಕೊಂಡು, ಬೀಡಿ ಹಚ್ಚಿಕೊಂಡು ಹೋದರು. ಇವರು ಬಂದ ಬೆರಳಿನಲ್ಲೇ ವಾಪಸ್ಸು.

ದಾರಿಯಲ್ಲಿ ದೊಡ್ಡಮ್ಮ ಒಂದೇ ಮಾತು ಆಡಿದ್ದು. "ನಮ್ಮ ಬಾಯಿ ನಮ್ಮ ಮನೆಯೋರ್ಗೆ ಕಾವ್ಲು ಅನ್ಕಂಡಿದ್ದೆ ಕಣೆ ಗಿರ್ಜಿ. ಅವ್ನು ಅದ್ಕೇ ಬೀಗ ಹಾಕ್ಬುಟ್ಟ." ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಆಮೇಲೆ ಹಟ್ಟಿಯ ಗಂಡಸರು ತಾಲ್ಲೂಕು ಆಫೀಸಿಗೆ ಹೋಗಿ ಬೋರಿಂಗು ಕೇಳಿದಾಗ, ಅಲ್ಲಿ ಇದ್ದ ಒಬ್ಬ ಪುಢಾರಿ, "ನಿಮ್ಮ ಹಟ್ಟೀಲಿ ಓಟೆಷ್ಟು ಬಿದ್ದವೆ ಮೊದ್ಲು ಹೇಳ್ರಯ್ಯ" ಅಂದನಂತೆ. ದೊಡ್ಡಪ್ಪ ಬಂದು ಹೇಳಿದಾಗ ದೊಡ್ಡಮ್ಮ ಮುದ್ದೆ ತಿರುವುತ್ತಿದ್ದಳು. ಅವತ್ತಿನ ಮುದ್ದೆ ಕಲ್ಲಿನಷ್ಟು ಗಟ್ಟಿಯಾಗಿತ್ತು.

ಮುಂದಿನ ಎಲೆಕ್ಷನ್ ಬರುವ ಹೊತ್ತಿಗೆ ನಾನು ತುಮಕೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಹೊಸದಾಗಿ ಓಟೂ ಬಂದಿತ್ತು. ಅಪ್ಪ ಮನೆಮಂದಿಯ ಹೆಸರನ್ನೆಲ್ಲ ಹಟ್ಟಿಯಲ್ಲೇ ಬರೆಸಿದ್ದರಿಂದ ನಾನೂ ದೊಡ್ಡೂರಿನ ಬೂತಿಗೇ ಸೇರಿದವಳು. ಟ್ರೈನಿಂಗ್ ಮುಗಿಸಿ ಕೆಲಸ ಸಿಗದ ಟೀಚರಿನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ. ಯಾರು ಸಿಕ್ಕರೂ ಪಾಠ ಮಾಡಿಬಿಡುತ್ತಾಳೆ. ನಾನು ಹಟ್ಟಿಯ ಹೆಂಗಸರನ್ನೆಲ್ಲ ಕುರಿ ಕೂಡುವ ರೊಪ್ಪದಲ್ಲಿ ಸೇರಿಸಿ, 'ಓಟಿಗೆ ಹೋಗುವ ಮುಂಚೆ ತಿಳಿದಿರಬೇಕಾದದ್ದು' ಅಂತ ಕ್ಲಾಸು ಶುರು ಮಾಡಿದೆ.

ಹಳೆ ನೋಟ್‌ಬುಕ್ಕಿನ ಹಾಳೆ ಹರಿದು ಬ್ಯಾಲೆಟ್ ಪೇಪರ್ ಮಾಡಿದೆ. ನಿಜವಾದ ಗುರುತು ಬರೆದರೆ ಪ್ರಚಾರ ಅಂದಾರು ಅಂತ ಕೊಡ, ಏಣಿ, ಕುರಿ ಬರೆದೆ. ಗೆಣಸು ಕೊಯ್ದು ಮುದ್ರೆ, ಬಾಣಲೆಯ ತಳದ ಮಸಿಗೆ ಎಣ್ಣೆ ಕಲೆಸಿ ಇಂಕು. ಒಂದೇ ಸಲ ಒತ್ತಬೇಕು, ಎರಡು ಗುರುತಿನ ನಡುವಿನ ಗೆರೆಯ ಮೇಲೆ ಒತ್ತಿದರೆ ಓಟು ಕುಲಗೆಟ್ಟು ಹೋಗುತ್ತದೆ, ಹಸಿ ಮಸಿ ಇನ್ನೊಂದು ಗುರುತಿಗೆ ಅಂಟದ ಹಾಗೆ ಉದ್ದುದ್ದಕ್ಕೆ ಮಡಿಸಬೇಕು, ಯಾರಿಗೆ ಹಾಕಿದೆ ಅಂತ ಗಂಡನಿಗೂ ಹೇಳಬೇಕಾಗಿಲ್ಲ. ಈ ಕೊನೆಯ ಮಾತು ಹೇಳಿದಾಗ ಎಲ್ಲರ ಮುಖ ಅರಳಿತು. "ಇದೊಂದು ಚೆನ್ನಾಗೈತೆ ನೋಡು" ಅಂದಳು ಲಕ್ಷ್ಮಕ್ಕ.

ಓಟಾಯಿತು. ಎಲ್ಲರೂ ಕುರಿಗೇ ಒತ್ತಿದ್ದರು. ಯಾಕೆ ಅಂತ ಕೇಳಿದರೆ, "ಕುರಿ ನಮ್ದಲ್ವಾ" ಅಂದರು. ಕುರಿ ಭಾರೀ ಬಹುಮತದಿಂದ ಗೆದ್ದಿತು. ಎಣಿಕೆ ಮುಗಿಸಿ ನಾನು ಆ ಕಡೆ ತಿರುಗುವಷ್ಟರಲ್ಲಿ ಹೋತವೊಂದು ಬಂದು ಓಟುಗಳನ್ನೆಲ್ಲ ತಿಂದು ಹಾಕಿತು.

ಅಲ್ಲಿಯವರೆಗೆ ಎಲ್ಲ ಸುಸೂತ್ರ. ಆಮೇಲೆ ನಾನು ಆಫೀಸರಾಗಿ ಕೂತು, ಗಂಡನ ಹೆಸರು ಕೇಳತೊಡಗಿದೆ. ಒಬ್ಬಳು ನಕ್ಕಳು. ಒಬ್ಬಳು ಎದ್ದು ಹೋದಳು. ಸಿದ್ದಪ್ಪನ ಹೆಂಡತಿ ಪುಟ್ಟಕ್ಕ, "ಸಿದ್ದರಬೆಟ್ಟದ ಅರ್ಧ" ಅಂದಳು. ದೊಡ್ಡಮ್ಮನಂತೂ ಖಡಾಖಂಡಿತ. ನಾನು ಹಕ್ಕು, ಕಾನೂನು, ಸಂವಿಧಾನ ಅಂತೆಲ್ಲ ಒದರಿದೆ. ನಮ್ಮ ಪ್ರಿನ್ಸಿಪಾಲರು ಕೇಳಿದ್ದರೆ ಅಲ್ಲೇ ಬಂಗಾರದ ಪದಕ ಕೊಡುತ್ತಿದ್ದರು. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, "ನಂಗೆ ಓಟೂ ಬೇಕು, ಬೋರಿಂಗೂ ಬೇಕು, ನಿಮ್ಮ ದೊಡ್ಡಪ್ಪನೂ ಬೇಕು ಕಣೆ. ಇದ್ರಾಗೆ ಯಾವ್ದು ಬುಡ್ಲಿ, ನೀನೇ ಹೇಳು" ಅಂದಳು. ನಾನು ಗೆಣಸಿನ ಮುದ್ರೆ ಎತ್ತಿಟ್ಟು ಕ್ಲಾಸು ಬಿಟ್ಟೆ.

ಹೀಗೇ ಎಲೆಕ್ಷನ್ ದಿನ ಬಂತು. "ಆದದ್ದಾಗ್ಲಿ, ಓಗೋದು ಓಗಾನ" ಅಂದಳು ದೊಡ್ಡಮ್ಮ. ಹೆಂಗಸರೆಲ್ಲ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟರು. ಶಾಲೆಯ ಮುಂದೆ ಎರಡು ಸಾಲು, ಗಂಡಸರದೊಂದು, ಹೆಂಗಸರದೊಂದು. ಎರಡೂ ಸೇರುವುದು ಒಂದೇ ಬಾಗಿಲಿಗೆ. ಗಂಡಸರ ಸಾಲಿನಲ್ಲಿ ದೊಡ್ಡಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಆಕಾಶ ನೋಡುತ್ತ ನಿಂತಿದ್ದ. ಈ ಸಲದ ಆಫೀಸರು ಕೊರಟಗೆರೆ ಕಡೆಯವರು, ನಗುಮುಖದ ನಡುವಯಸ್ಸಿನ ಮನುಷ್ಯ. ಆದರೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಪುಟ್ಟಸ್ವಾಮಿಯೇ ಕೂತಿದ್ದ.

ಹೆಂಗಸರ ಸಾಲಿನಲ್ಲಿ ದೊಡ್ಡಮ್ಮನೇ ಮೊದಲು. ಅವಳು ಬಾಗಿಲಿಗೆ ಬಂದಳೋ ಇಲ್ಲವೋ, ಪುಟ್ಟಸ್ವಾಮಿ ಬೆಂಚಿನಿಂದ ಎದ್ದು, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕೈ ಚಾಚಿದ. ಸುತ್ತಲಿದ್ದವರ ಕಡೆ ಕಣ್ಣು ಹೊಡೆದು, "ಗಂಡನ ಹೆಸ್ರು ಹೇಳು, ಒಳಕ್ಕೆ ಬಾ" ಅಂದ. ಗಂಡಸರ ಸಾಲಿನಲ್ಲಿ ಕೆಲವರು ನಕ್ಕರು. ಒಳಗಿಂದ ಆಫೀಸರು, "ರೀ, ಕೈ ತೆಗೀರಿ, ನೀವ್ಯಾರು ತಡೆಯೋಕೆ?" ಅನ್ನುತ್ತ ಎದ್ದರು.

ದೊಡ್ಡಮ್ಮ ಆ ಕೈಯನ್ನು ನೋಡಿದಳು. ಆಮೇಲೆ ಹೊಸಲನ್ನು ನೋಡಿದಳು. ನೋಡನೋಡುತ್ತಿದ್ದಂತೆ ಅವಳ ಮುಖ ಬೇರೆಯೇ ಆಯಿತು. ನಮ್ಮ ಕಡೆಯ ಮದುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೋಡದವರಿಗೆ ಹೇಳುತ್ತೇನೆ. ಹೊಸ ಸೊಸೆ ಗಂಡನ ಮನೆಗೆ ಬಂದಾಗ, ನಾದಿನಿ, ಅಂದರೆ ಗಂಡನ ತಂಗಿ, ಬಾಗಿಲಿಗೆ ಅಡ್ಡ ಕೈ ಹಿಡಿದು ನಿಲ್ಲುತ್ತಾಳೆ. "ಗಂಡನ ಹೆಸ್ರು ಹೇಳು, ಒಳಕ್ಕೆ ಬಾ" ಅನ್ನುತ್ತಾಳೆ. ಇದೇ ಮಾತು, ಅಕ್ಷರ ಆಚೀಚೆ ಇಲ್ಲ. ಆಗ ಸೊಸೆ ಒಂದು ಪದ ಕಟ್ಟಿ, ಅದರ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳುತ್ತಾಳೆ. ಹಾಗೆ ಹೇಳಿದರೆ ಆಯುಸ್ಸು ಕಮ್ಮಿಯಾಗುವುದಿಲ್ಲ, ಹೆಚ್ಚುತ್ತದೆ. ಜನ್ಮದಲ್ಲಿ ಗಂಡನ ಹೆಸರು ಬಾಯಲ್ಲಿ ಬರುವುದು ಅದೊಂದೇ ಜಾಗದಲ್ಲಿ, ಹೊಸಲಿಗೆ ಅಡ್ಡ ನಿಂತು ಕೇಳಿದಾಗ. ಪದ ಹೇಳಿದ ಮೇಲೆ ನಾದಿನಿ ಕೈ ತೆಗೆಯಲೇಬೇಕು. ತೆಗೆಯದಿದ್ದರೆ ಅವಳಿಗೇ ಕೇಡು.

ದೊಡ್ಡಮ್ಮ ಹಿಂದಕ್ಕೆ ತಿರುಗಿ, "ನಾದ್ನಿ ಅಡ್ಡ ನಿಂತವ್ಳೆ ಕಣ್ರಮ್ಮ" ಅಂದಳು. ಮರುಗಳಿಗೆಗೆ ಎಲ್ಲರಿಗೂ ಹೊಳೆಯಿತು. ದೊಡ್ಡಮ್ಮ ತಲೆಯ ಮೇಲೆ ಸೆರಗು ಹೊದ್ದು, ಮದುವೆ ಮನೆಯ ದನಿಯಲ್ಲಿ ಎತ್ತಿದಳು:

"ಮಧುಗಿರಿ ಬೆಟ್ಟಕ್ಕೆ ಮೋಡದ ಬಣ್ಣ,
ಸಿದ್ದರಬೆಟ್ಟಕ್ಕೆ ಜೇನಿನ ಬಣ್ಣ,
ಅಡ್ಡ ನಿಂತೋರು ದಾರಿ ಬುಡ್ರಣ್ಣ,
ನನ್ನ ಕೈ ಹಿಡಿದೋರು ಕರಿಯಣ್ಣ."

ಹಿಂದಿನ ಹೆಂಗಸರು "ಸೋ" ಅಂತ ಸೋಬಾನೆ ಎಳೆದರು. ಪುಟ್ಟಸ್ವಾಮಿಯ ಕೈ ಇನ್ನೂ ಅಡ್ಡವೇ ಇತ್ತು, ಆದರೆ ಅದನ್ನು ಏನು ಮಾಡಬೇಕು ಅಂತ ಅವನಿಗೆ ತಿಳಿಯದಾಗಿತ್ತು. ಪುಟ್ಟಕ್ಕ ಹಿಂದಿನಿಂದ, "ಪದ ಆಯ್ತಲ್ಲ ನಾದ್ನಿ, ಕೈ ತೆಗಿಯವ್ವ" ಅಂದಳು. ಗಂಡಸರ ಸಾಲು ಈಗ ಯಾರನ್ನು ನೋಡಿ ನಗುತ್ತಿದೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಕೈ ಇಳಿಯಿತು.

ಆದರೂ ಅವನು ಸುಮ್ಮನಾಗಲಿಲ್ಲ. "ಇದೇನ್ ಸ್ವಾಮಿ, ಪದ ಹಾಡ್ಕಂಡು ಓಟಾ? ನನ್ನ ತಕರಾರೈತೆ" ಅಂದ. ಆಫೀಸರು ಕನ್ನಡಕ ಸರಿಮಾಡಿಕೊಂಡು ಪಟ್ಟಿಯ ಮೇಲೆ ಬೆರಳಿಟ್ಟರು. "ಈರಮ್ಮ, ಗಂಡ ಕರಿಯಣ್ಣ. ಇಲ್ಲಿರೋದನ್ನೇ ಆಯಮ್ಮ ಬಾಯಿಬಿಟ್ಟು ಹೇಳಿದ್ದಾರೆ. ನೀವು ಕೇಳಿದ್ದೂ ಅದೇ ಅಲ್ವೇನ್ರಿ? ಹಾಡಿನಲ್ಲಿ ಹೇಳಬಾರದು ಅಂತ ಯಾವ ರೂಲಿನಲ್ಲೂ ಇಲ್ಲ. ಬನ್ನಿ ತಾಯಿ, ಎಡಗೈ ಕೊಡಿ" ಅಂದರು.

ಆಮೇಲೆ ನಡೆದದ್ದು ಎಲೆಕ್ಷನ್ನೋ ಮದುವೆಯೋ ದೇವರಿಗೇ ಗೊತ್ತು. ಪುಟ್ಟಕ್ಕ ಬಂದಳು. "ತುಂಬೆ ಹೂವು ಸಿವಪ್ಪಂಗೆ, ತುಂಬಿದ ಮನೆ ಸಿದ್ದಪ್ಪಂಗೆ" ಅಂದು ಒಳಗೆ ಹೋದಳು. ಲಕ್ಷ್ಮಕ್ಕ ತೆಲುಗಿನಲ್ಲೇ ಕಟ್ಟಿದಳು: "ಸಂತಕು ಪೋಯಿ ಸರಿಗ ಚೀರ ತೆಚ್ಚಿನಾಡು, ಮಾ ಇಂಟಿ ಮಾರಣ್ಣ." ಆಫೀಸರು ಏನದು ಅಂತ, ಪದ ಕೇಳಲು ಬಾಗಿಲ ಹತ್ತಿರ ಬಂದಿದ್ದ ನನ್ನ ಮುಖ ನೋಡಿದರು. "ಸಂತೆಗೆ ಹೋಗಿ ಸರಿಗೆ ಸೀರೆ ತಂದಿದ್ದಾನಂತೆ ಸಾರ್, ಮಾರಣ್ಣ" ಅಂದೆ. ಗಂಡಸರ ಸಾಲಿನಿಂದ ಮಾರಣ್ಣನ ದನಿ ಬಂತು, "ನಾನ್ಯಾವಾಗ ತಂದ್ನೆ?" ಲಕ್ಷ್ಮಕ್ಕ ಬೆರಳಿಗೆ ಮಸಿ ಹಚ್ಚಿಸಿಕೊಳ್ಳುತ್ತಲೇ, "ಎಲ್ರ ಮುಂದೆ ಹೇಳಾಯ್ತು, ಇನ್ನು ತರ್ದೆ ಇದ್ರೆ ನಿಂಗೇ ಅವಮಾನ" ಅಂದಳು. ಮುಂದಿನ ಸಂತೆಗೆ ಸೀರೆ ಬಂತು. ಸರಿಗೆ ಸ್ವಲ್ಪ ಕಿರಿದಾಗಿತ್ತು ಅಂತ ಕೇಳಿದ್ದೇನೆ.

ಎಲ್ಲ ಈರಮ್ಮಗಳೂ ಒಬ್ಬೊಬ್ಬರಾಗಿ ತಂತಮ್ಮ ಗಂಡಂದಿರ ಹೆಸರನ್ನು ಪದದಲ್ಲಿ ಕಟ್ಟಿ ಒಳಗೆ ಹೋದರು. ಪದ ಬರದವರಿಗೆ ಹಿಂದಿನವರು ಹೇಳಿಕೊಟ್ಟರು. ಓಟು ಹಾಕಿ ಮುಗಿಸಿದವರೂ ಮನೆಗೆ ಹೋಗಲಿಲ್ಲ, ಮುಂದಿನವರ ಪದ ಕೇಳಲು ಶಾಲೆಯ ಹುಣಸೆ ಮರದ ಕೆಳಗೆ ಕೂತರು. ಪುಟ್ಟಸ್ವಾಮಿ ಬೆಂಚಿನ ಮೇಲೆ ಮುಖ ಗೋಡೆಗೆ ಮಾಡಿಕೊಂಡು ಕೂತಿದ್ದ. ಆವತ್ತಿನಿಂದ ಅವನನ್ನು ಹಟ್ಟಿಯಲ್ಲಿ ಯಾರೂ ಪುಟ್ಟಸ್ವಾಮಿ ಅನ್ನಲಿಲ್ಲ. 'ನಾದ್ನಿ' ಅಂತಲೇ ಹೆಸರಾಯಿತು. ಅವನ ಮಗನ ಮದುವೆಯ ಲಗ್ನಪತ್ರಿಕೆ ಹಟ್ಟಿಗೆ ಬಂದಾಗಲೂ ದೊಡ್ಡಮ್ಮ, "ನಾದ್ನಿ ಮನೇಲಿ ಮದ್ವೆಯಂತೆ" ಅಂದಿದ್ದಳು.

ಕೊನೆಗೆ ನನ್ನ ಸರದಿ. ಎಲ್ಲರಿಗೂ ಪಾಠ ಹೇಳಿದ ಮಹಾಮೇಧಾವಿ ನಾನು. ತಂದೆಯ ಹೆಸರು ಕೇಳಿದರು, ಹೇಳಿದೆ. ಯಾರೂ ಸೋಬಾನೆ ಹೇಳಲಿಲ್ಲ. ಮರೆಯ ಹಿಂದೆ ಹೋಗಿ ಕಾಗದ ಬಿಡಿಸಿಕೊಂಡು ನಿಂತೆ. ಜೀವನದ ಮೊದಲ ಓಟು. ಮುದ್ರೆ ಒತ್ತಿ, ಕಾಗದವನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸಿದೆ. ಎಷ್ಟು ಹೊತ್ತು ನಿಂತಿದ್ದೆನೋ, ಆಚೆಯಿಂದ ದೊಡ್ಡಮ್ಮನ ದನಿ ಕೇಳಿತು, "ಉದ್ದುದ್ದಕ್ಕೆ ಮಡ್ಸು ಕಣೆ ಗಿರ್ಜಿ, ಅಡ್ಡಡ್ಡಕ್ಕಲ್ಲ." ಆಫೀಸರು ನಕ್ಕುಬಿಟ್ಟರು. ನನ್ನ ಮಾನ ಹೋಯಿತು, ಓಟು ಉಳಿಯಿತು.

ಗೆದ್ದವರು ಯಾರು ಅಂತ ಕೇಳಬೇಡಿ. ಗೆದ್ದವರು ಬರುತ್ತಾರೆ, ಹೋಗುತ್ತಾರೆ. ಹಟ್ಟಿಯ ಓಟು ಎಷ್ಟು ಬಿದ್ದವು ಅನ್ನುವುದು ಮಾತ್ರ ತಾಲ್ಲೂಕಿನವರೆಗೂ ಹೋಯಿತು. ಮುಂದಿನ ಬೇಸಿಗೆಗೆ ಬೋರ್ ಕೊರೆಯುವ ಲಾರಿ ಹಟ್ಟಿಯ ಬಾಯಿಗೇ ಬಂದು ನಿಂತಿತು. ಮೊದಲು ದೂಳು, ಆಮೇಲೆ ಕೆಸರು, ಆಮೇಲೆ ನೀರು ಚಿಮ್ಮಿದಾಗ ದೊಡ್ಡಮ್ಮ ಉಟ್ಟ ಸೀರೆಯಲ್ಲೇ ಅದರ ಕೆಳಗೆ ಹೋಗಿ ನಿಂತಳು. ಎಷ್ಟು ಕರೆದರೂ ಈಚೆ ಬರಲಿಲ್ಲ.

ಆದರೆ ಓಟಿನ ದಿನ ಹಟ್ಟಿಗೆ ವಾಪಸ್ಸು ಬಂದದ್ದನ್ನು ಹೇಳದಿದ್ದರೆ ಈ ಕಥೆ ಮುಗಿಯುವುದಿಲ್ಲ. ಹೆಂಗಸರೆಲ್ಲ ಎಡಗೈ ಬೆರಳುಗಳನ್ನು ಮೇಲೆ ಹಿಡಿದುಕೊಂಡು, ಪದ ಹೇಳುತ್ತ, ದಾರಿ ತುಂಬ ಹರಡಿಕೊಂಡು ನಡೆದರು. ಎದುರಿಗೆ ಬಂದ ಬಸ್ಸು ನಿಂತು ದಾರಿ ಬಿಡಬೇಕಾಯಿತು. ನಾನು ಸ್ವಲ್ಪ ಹಿಂದೆ ಬರುತ್ತಿದ್ದೆ. ನನ್ನ ಪಕ್ಕ ದೊಡ್ಡಪ್ಪ. ಮನುಷ್ಯ ಮೊದಲೇ ಮಾತು ಕಮ್ಮಿ. ಕುರಿಗಳ ಜೊತೆ ಆಡುವಷ್ಟೂ ಮನುಷ್ಯರ ಜೊತೆ ಆಡಿದವನಲ್ಲ. ಅವತ್ತು ಏನೋ ಕೇಳಬೇಕು ಅಂತ ಬಾಯಿ ತೆರೆಯುವುದು, ಮುಂದೆ ಹೋಗುತ್ತಿದ್ದ ದೊಡ್ಡಮ್ಮನ ಕಡೆ ನೋಡುವುದು ಮಾಡುತ್ತಿದ್ದ.

"ಏನು ದೊಡ್ಡಪ್ಪ?" ಅಂದೆ.

"ಏನಿಲ್ಲ," ಅಂದ. ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. "ನಮ್ಮದ್ವೆ ದಿನ ಹೊಸ್ಲತ್ರ ಹೇಳಿದ್ಲು. ಆಮ್ಯಾಕೆ ಇವತ್ತೇ ನಾನು ಕೇಳಿದ್ದು."

ಸ್ವಲ್ಪ ದೂರ ಹೋದ ಮೇಲೆ, ಯಾರಿಗೂ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದ.

"ಗಿರ್ಜಿ, ಮುಂದಿನ ಎಲೆಕ್ಸನ್ ಯಾವಾಗಂತೆ ಮಗ?"